ನಿಂಬೆ ಸಿಪ್ಪೆಯ ಮೇಲೆ ನಿಂತ ಲೇತು

ನಮ್ಮ ಯಜಮಾನರ ಹೆಸರನ್ನು ನಾನು ಹೇಳುವುದಿಲ್ಲ. ಅವರಕ್ಕ ಮಾದಮ್ಮ ಕೂಗುವಾಗ ನೀವೇ ಕೇಳಿಸಿಕೊಳ್ಳಿ. ಸೇಲಂನ ಒಂದು ಕಾರ್ಖಾನೆಯಲ್ಲಿ ಮೀಸೆ ನರೆಯುವವರೆಗೂ ಲೇತಿನ ಮುಂದೆ ನಿಂತು ಕಬ್ಬಿಣ ಕಡೆದವರು ಅವರು. ಅದೇನಾಯಿತೋ, ಅವರು ಕಡೆದ ಸಲಾಕೆಗಳು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಬರತೊಡಗಿದವು. ಮೇಸ್ತ್ರಿ ಎಲ್ಲರ ಎದುರಿಗೆ ‘ಉನ್ ಕೈ ಪೋಚ್ಚುಪ್ಪಾ’ ಅಂದನಂತೆ, ನಿನ್ನ ಕೈ ಹೋಯಿತು, ಮನೆಗೆ ನಡಿ ಅಂತ. ಅವನ ಬಾಯಿಗೆ ಮಣ್ಣು ಬೀಳ! ಅವತ್ತಿನಿಂದ ಪಾಲಕೋಡಿನ ನಮ್ಮ ಮನೆಗೆ ಯಾರು ಬಂದರೂ ಇವರು ಬಲಗೈಗೆ ಟವೆಲು ಸುತ್ತಿಕೊಂಡೇ ಕೂರುತ್ತಿದ್ದರು.

ಇಂಥ ಮನುಷ್ಯ ಹೇಳದೆ ಕೇಳದೆ ಮದರಾಸಿನಿಂದ ಒಂದು ಪುಟ್ಟ ಲೇತು ತರಿಸಿದರು. ಹೊಲಿಗೆ ಮಿಷನ್ನಿನ ಹಾಗೆ ಕಾಲಲ್ಲಿ ಮೆಟ್ಟಿ ತಿರುಗಿಸುವಂಥದ್ದು. ನಮ್ಮೂರಿನ ಕಿರುಹಳಿಯ ಚಿಕ್ಕ ರೈಲಿನಲ್ಲಿ ಪೆಟ್ಟಿಗೆ ಬಂದಿಳಿದಾಗ ನಾನು ಉರಿದುಬಿದ್ದೆ. ಇವರು ಆಗಲೇ ಬಾವಿಯ ರಾಟೆಗೆ ಅಚ್ಚು, ಪಕ್ಕದ ಮನೆಯ ಚರಕಕ್ಕೆ ಕದಿರು ಎಂದು ಲೆಕ್ಕ ಹಾಕುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ! ನಾನು ಬಾಯಿಗೆ ಬಂದಂತೆ ಅಂದೆ. ಅವರು ಸಿಟ್ಟಾಗಲಿಲ್ಲ.

“ಕೈ ಐತೋ ಓಯ್ತೋ, ಯಾರೋ ಏಳೋದು ಬ್ಯಾಡ ಗಂಗಾ. ನಾನೇ ನೋಡ್ಕಬೇಕು” ಅಂದರು.

ನಾನು ಹೋಗಿ ಹಜಾರದ ಚಪ್ಪಡಿ ನೆಲ ಖಾಲಿ ಮಾಡಿಕೊಟ್ಟೆ.

ಮಾದಮ್ಮ ಕಡಯಂಪಟ್ಟಿಯಿಂದ ಬಂದಿದ್ದಳು. ಮಿಷನ್ನು ನೆಲ ಮುಟ್ಟುವ ಮುಂಚೆ ಅದರ ನಾಲ್ಕು ಕಾಲಿನ ಕೆಳಗೂ ನಿಂಬೆಹಣ್ಣು ಇಡಲೇಬೇಕೆಂದು ಹಟ ಹಿಡಿದಳು. “ಎಲ್ಲಪ್ಪಾ, ಬಸ್ಸಿಗೇ ಮಡಗ್ತಾರೆ, ಇದಕ್ಕೆ ಬ್ಯಾಡ್ವಾ? ಕಣ್ಣು ಬಿದ್ದೇ ಕಣೋ ನಿನ್ ಕೈ ಕೆಟ್ಟಿದ್ದು” ಅಂದಳು. ಕಣ್ಣಿನ ಮಾತೆತ್ತಿದರೆ ಯಾರು ತಾನೇ ಬೇಡ ಅಂದಾರು? ನಾಲ್ವರು ಹಿಡಿದು ಇಳಿಸಿದರು, ಹಣ್ಣುಗಳು ಪಚಕ್ಕನೆ ಒಡೆದು ರಸ ಚಪ್ಪಡಿಯ ಮೇಲೆಲ್ಲ ಹರಿಯಿತು. ಸಿಪ್ಪೆ ಮಾತ್ರ ತೆಗೆಯಬೇಡಿ, ಅಲ್ಲೇ ಇರಲಿ ಎಂದು ಅಪ್ಪಣೆ ಮಾಡಿ ಮಾದಮ್ಮ ಊರಿಗೆ ಹೋದಳು. ಇವರು ಸಿಪ್ಪೆಯ ಮೇಲೆ ನಿಂತ ಲೇತಿಗೇ ರಸಮಟ್ಟ ಇಟ್ಟು, ಒಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವ ಹಾಗೆ ಮಟ್ಟ ಕೂಡಿಸಿ, ಕಾಲುಗಳನ್ನು ಚಪ್ಪಡಿಗೆ ಬೋಲ್ಟು ಹಾಕಿ ಬಿಗಿದರು.

ಆಮೇಲೆ ಅದನ್ನು ಹದಕ್ಕೆ ತರುವ ಕೆಲಸ. ಕೂಸಿಗೆ ಎಣ್ಣೆನೀರು ಎರೆಯುವವರೂ ಅಷ್ಟು ಜತನ ಮಾಡಲಾರರು! ಸೀಮೆಎಣ್ಣೆ ಬಟ್ಟೆಯಲ್ಲಿ ಮೂಲೆಮೂಲೆಯ ಜಿಡ್ಡು ಒರೆಸಿದರು. ಉಳಿ ಹಿಡಿಯುವ ಭಾಗ ಉದ್ದಕ್ಕೂ ಜಾರುತ್ತದಲ್ಲ, ಅದರ ತಿರುಪುಗಳನ್ನು ಒಂದಿಷ್ಟು ಬಿಗಿ ಮಾಡುವುದು, ಜಾರಿಸಿ ನೋಡುವುದು, ಮತ್ತೆ ಒಂದಿಷ್ಟು ಸಡಿಲ ಮಾಡುವುದು. ಅಲ್ಲಾಡಲೂಬಾರದು, ಹಿಡಿಯಲೂಬಾರದಂತೆ. ನನ್ನ ಕೈಗೂ ಹಿಡಿಕೆ ಕೊಟ್ಟು ತಿರುಗಿಸು ಅಂದರು. ಅಷ್ಟು ಭಾರದ ಕಬ್ಬಿಣ ಬೆಣ್ಣೆ ಸವರಿದ ಹಾಗೆ ಸದ್ದಿಲ್ಲದೆ ಜಾರಿತು. ನಾನು ಇನ್ನೊಮ್ಮೆ ತಿರುಗಿಸಿದೆ.

ಮಟ್ಟ ಕೂಡಿಸಿ ವಾರವಾಗಿತ್ತು. ಕಾಲಿನ ಬೋಲ್ಟುಗಳು ಯಾಕೋ ಸಡಿಲವಾಗಿವೆ ಎಂದು ಒಂದೊಂದನ್ನೂ ಹಲ್ಲು ಕಚ್ಚಿ ಬಿಗಿದು, ಒಂದು ಸಲಾಕೆ ಕಡೆಯಲು ನಿಂತರು. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬರುವುದನ್ನು ನಾನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಒಲೆಯ ಮೇಲಿನ ಅನ್ನ ಸೀದುಹೋಯಿತು. ಮುಗಿದ ಮೇಲೆ ದಪ್ಪ ಅಳೆಯುವ ಎರಡು ಕಾಲಿನ ಕಾಲಿಪರಿನಿಂದ ಈ ತುದಿ ಅಳೆದರು, ಆ ತುದಿ ಅಳೆದರು. ಆ ತುದಿ ದಪ್ಪ, ಕಾಲಿಪರ್ ಸಿಕ್ಕಿಕೊಂಡಿತು. ಇನ್ನೊಂದು ಸಲಾಕೆ ಕಡೆದರು, ಅದೂ ಹಾಗೆಯೇ.

“ಮಿಷನ್ನು ಒಸದು. ಮಟ್ಟ ನಾನೇ ಕೂಡಿಸಿದ್ದು” ಅಂದರು. “ಇನ್ನು ಉಳಿದಿದ್ದು ಕೈ ಒಂದೇ. ಮೇಸ್ತ್ರಿ ಏಳಿದ್ದೇ ದಿಟ.”

ಟವೆಲು ಮತ್ತೆ ಕೈಗೆ ಬಂತು. ಪೆಟ್ಟಿಗೆಯ ಹಲಗೆಗಳನ್ನು ಹುಡುಕಿ ಜೋಡಿಸತೊಡಗಿದರು. ವಾಪಸು ಕಳಿಸುತ್ತಾರಂತೆ. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಕಸ ಗುಡಿಸುತ್ತೇನೆ. ಲೇತಿನ ಸುತ್ತ ಪರಪರ ಗುಡಿಸುವಾಗ ಕಂಡದ್ದು ಇರುವೆ ಸಾಲು. ಒಂದು ಕಾಲಿನ ಕೆಳಗೆ ನುಗ್ಗಿ, ಏನನ್ನೋ ಹೊತ್ತು ಗೋಡೆಯ ಬಿರುಕಿಗೆ ಹೋಗುತ್ತಿದ್ದವು. ಕಡ್ಡಿ ಹಾಕಿ ಕೆದಕಿದೆ. ಮೂರು ಕಾಲಿನಡಿ ಸಿಪ್ಪೆ ಒಣಗಿ ಚಕ್ಕೆಯಾಗಿತ್ತು. ನಾಲ್ಕನೆಯದರಡಿ ಏನೂ ಇರಲಿಲ್ಲ, ಇರುವೆ ತಿಂದು ತೇಗಿದ್ದವು.

ಒರಳಿನ ಅಡಿ ಒಂದು ಕಲ್ಲು ಸಿಕ್ಕರೆ ಹಿಟ್ಟು ನುಣ್ಣಗಾಗದು, ಅದು ನನಗೆ ಗೊತ್ತು. “ಇಲ್ ಬನ್ನಿ, ಒಂದು ಕಾಲು ತಗ್ಗೈತೆ” ಅಂದೆ. ಕಾಳಿನಷ್ಟು ಸಿಪ್ಪೆಗೆ ಕಬ್ಬಿಣ ಸೊಟ್ಟಗಾಗುತ್ತದೇನೇ ಎಂದು ಬೈಯುತ್ತಲೇ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ನಿಧಾನವಾಗಿ ಸ್ಪ್ಯಾನರ್ ಕೇಳಿದರು. ಬೋಲ್ಟು ಬಿಚ್ಚುತ್ತಿದ್ದ ಹಾಗೆ ಆ ಕಾಲು ತಾನಾಗಿಯೇ ಕೂದಲೆಳೆಯಷ್ಟು ಮೇಲೆದ್ದಿತು. ನಾನು ಕಣ್ಣಾರೆ ಕಂಡೆ. ನಾಲ್ಕಾಳು ಹೊತ್ತ ಕಬ್ಬಿಣ, ಬೋಲ್ಟು ಬಿಗಿದಾಗಿನಿಂದ ಒಂದು ನಿಂಬೆ ಸಿಪ್ಪೆಗೆ ಮೈ ತಿರುಚಿಕೊಂಡು ನಿಂತಿತ್ತು! ದೇವರ ಮುಂದೆಯೂ ನಾನು ಅಷ್ಟು ಬೆರಗಾಗಿ ಕೈ ಮುಗಿದಿಲ್ಲ.

ಸಿಪ್ಪೆ ತೆಗೆದು, ಕಲ್ಲು ತೊಳೆದು, ಮತ್ತೆ ಮಟ್ಟ ಕೂಡಿಸಿದರು. ಸಲಾಕೆ ಕಡೆದರು. ಅಳೆಯುವಾಗ ಕಾಲಿಪರನ್ನು ನನ್ನ ಕೈಗೆ ಕೊಟ್ಟರು, ಅವರಿಗೆ ಧೈರ್ಯವಿರಲಿಲ್ಲ. ಈ ತುದಿಯಲ್ಲಿ ಕಾಲಿಪರ್ ಸಲಾಕೆಯನ್ನು ಸವರಿ ಇಳಿಯಿತು. ಆಮೇಲೆ ಆ ತುದಿಗೆ ಇಟ್ಟೆ. ಅಷ್ಟೇ ಮೆತ್ತಗೆ, ಅದೇ ಸವರು, ಅದೇ ಇಳಿತ. ನಡುವಿನಲ್ಲೂ ಇಟ್ಟೆ. ಒಂದೇ. ಒಂದು ಮನುಷ್ಯನ ಕೈ ಇಷ್ಟು ನೇರವಾದದ್ದನ್ನು ಮಾಡಬಲ್ಲದೆಂದು, ಅದು ಇಷ್ಟು ವರ್ಷ ನನ್ನ ಕೈಯ ಅಡಿಗೆ ಉಂಡ ಕೈಯೇ ಎಂದು, ನನಗೆ ನಂಬಲಾಗಲಿಲ್ಲ.

“ನಿಮ್ ಕೈ ಎಲ್ಲೂ ಓಗಿಲ್ಲ” ಅಂದೆ.

ಅವರು ಸಲಾಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ತುದಿಯನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ, “ಸೇಲಂನ ಆ ಲೇತಿನ ಕಾಲಡಿ ಯಾರೂ ಬಗ್ಗಿ ನೋಡಲಿಲ್ಲ ಗಂಗಾ” ಅಂದರು. “ನಾನೂ ನೋಡಲಿಲ್ಲ.”

ಆಯುಧಪೂಜೆಗೆ ಮಾದಮ್ಮ ಮತ್ತೆ ಬಂದಳು, ಸೆರಗಿನಲ್ಲಿ ನಾಲ್ಕು ನಿಂಬೆಹಣ್ಣು ಕಟ್ಟಿಕೊಂಡು. ಇವರು ಬಾಗಿಲಿಗೇ ಹೋಗಿ, ಅವಳ ಮುಂದೆ ಬಲಗೈ ಚಾಚಿ ಹಣ್ಣು ಇಸಿದುಕೊಂಡರು. ಟವೆಲು ಹೆಗಲ ಮೇಲಿತ್ತು. ಆ ಹಣ್ಣುಗಳನ್ನು ನಾನು ಉಪ್ಪಿನಕಾಯಿ ಹಾಕಿದೆ.