ಮನಿ ಮಕ್ಕಳಂಗ

"ಏಳ ಏ ಮುದುಕಿ! ಮುಂದಿನ ಕುರ್ಚಿ ನಿಮ್ಮಪ್ಪ ಇಟ್ಟು ಹೋಗ್ಯಾನೇನು?"

ಮ್ಯಾನೇಜರ್ ಪ್ರಸಾದ ಕುರ್ಚಿಯ ಕಾಲಿಗೆ ಒದ್ದ. ಗುಲ್ಜಾರಬಿ ತಂಗಿ ಅಬೀದಾಳನ್ನು ಎಬ್ಬಿಸಿಕೊಂಡು ಹಿಂದಕ್ಕೆ ಸರಿದಳು. ಅಕ್ಕತಂಗಿ ಇಬ್ಬರೂ ದುಡಿದಿದ್ದ ಗಬ್ಬೂರಿನ ಈ ಹಾಡಿನ ರೆಕಾರ್ಡ್ ಫ್ಯಾಕ್ಟರಿ ಮುಚ್ಚಿ ಒಂದು ತಲೆಮಾರೇ ಕಳೆದಿತ್ತು. ಈಗ ಉಳ್ಳವರಿಗೆ ಕರಿ ತಟ್ಟೆಯ ಹಾಡಿನ ಹುಚ್ಚು ಮತ್ತೆ ಹಿಡಿದದ್ದೇ ತಡ, ಹಳೆಯ ಸಾಹುಕಾರನ ಮಗ ಗುರುಬಸವ ಅದೇ ಶೆಡ್ಡಿಗೆ ಬಣ್ಣ ಬಳಿಸಿ, ರೆಕಾರ್ಡ್ ಒತ್ತುವ ಅದೇ ಪ್ರೆಸ್ಸಿಗೆ ಎಣ್ಣೆ ಬಿಡಿಸಿ ಉದ್ಘಾಟನೆ ಇಟ್ಟುಕೊಂಡಿದ್ದ.

ಅಬೀದಾಳ ಬಲಗೈ ಬೆರಳುಗಳು ಹೋದದ್ದು ಆ ಪ್ರೆಸ್ಸಿನಲ್ಲೇ. ಒಬ್ಬಳು ಬಿಸಿ ಪ್ಲಾಸ್ಟಿಕ್ಕಿನ ಉಂಡೆ ಇಟ್ಟು, ಕೈ ತೆಗೆದು "ಹೂಂ" ಎಂದ ಮೇಲೆಯೇ ಇನ್ನೊಬ್ಬಳು ಪ್ರೆಸ್ಸು ಮುಚ್ಚುವ ಲಿವರ್ ಎಳೆಯುವುದು ಹೆಂಗಸರು ತಾವೇ ಮಾಡಿಕೊಂಡಿದ್ದ ಪದ್ಧತಿ. "ಹೂಂ ಹೂಂ ಅಂತ ಹೊತ್ತು ಕಳೀಬ್ಯಾಡ್ರಿ, ಗಂಟಿ ಹೊಡದ್ ಕೂಡ್ಲೆ ಎಳೀರಿ" ಎಂದು ಹಳೆಯ ಸಾಹುಕಾರ ಅದನ್ನು ನಿಲ್ಲಿಸಿದ. ಗಂಟೆ ಹೊಡೆಯಿತು. ಕೈ ಒಳಗೇ ಇತ್ತು.

ಫ್ಯಾಕ್ಟರಿಯ ಇತಿಹಾಸದ ಫಿಲ್ಮ್ ಮಾಡಲು ಧಾರವಾಡದಿಂದ ಚಿನ್ಮಯಿ ಎಂಬ ಹುಡುಗಿ ಬಂದಾಗ ಅಬೀದಾ, "ಬ್ಯಾಡ ಆಪಾ, ಆಕಿ ಅವ್ರ ಕಡೀಕಿ" ಎಂದಿದ್ದಳು. ಆದರೆ ಆ ಹುಡುಗಿ ಚಾಪೆಯ ಮೇಲೆ ಕೂತು, ಚಹಾ ಕುಡಿದು, "ಎಲ್ಲಾ ಹೇಳ್ರಿ ಅಜ್ಜಿ, ಒಂದು ಮಾತೂ ಬಿಡೂದಿಲ್ಲ" ಎಂದಾಗ ಗುಲ್ಜಾರಬಿ ಎದೆ ಬಿಚ್ಚಿಟ್ಟಿದ್ದಳು. ಇವತ್ತು ತಂಗಿಯನ್ನು ಗೋಗರೆದು ಕರೆತಂದವಳೂ ಗುಲ್ಜಾರಬಿಯೇ.

ಈಗ ಫಿಲ್ಮ್ ಶುರುವಾಗಿ ಪರದೆಯ ಮೇಲೆ ಗುಲ್ಜಾರಬಿಯ ಮುಖ ಬಂತು. "ಸಾಹುಕಾರ್ರು ನಮ್ಮನ್ನ ಮನಿ ಮಕ್ಕಳಂಗ ನೋಡ್ಕೊಂಡ್ರು" ಎಂದಿತು. ಮುಖ ಹೋಗಿ ಸಿತಾರ್ ಶುರುವಾಯಿತು. ಚಪ್ಪಾಳೆ.

"ಹಿಂಗಂದ್ಯಾ, ಆಪಾ?"

"ಇಲ್ಲ ಅಬೀದಾ, ಅಲ್ಲಾನ ಆಣಿ! 'ಹಂಗಂತ ಪೊಲೀಸರ ಮುಂದ ಹೇಳ್ರಿ, ಇಲ್ಲಾಂದ್ರ ಕಳವಿನ ಕೇಸ್ ಹಾಕ್ತೇನಿ ಅಂತ ತಂಗಿ ಕೈ ಹೋದಾಗ ಅಂದಿದ್ದ ಆ ಹಲ್ಕಟ್' ಅಂತ ಮುಂದ ಇತ್ತು, ಅದನ್ನ ಕತ್ತರಿಸ್ಯಾರ…"

ಅಬೀದಾ ಮುಖ ತಿರುಗಿಸಿದಳು.

ಗುಲ್ಜಾರಬಿ ಹೋಗಿ ಚಿನ್ಮಯಿಯ ದುಪಟ್ಟಾ ಹಿಡಿದಳು. "ಏನವಾ, ನನ್ನ ನಾಲಿಗಿ ಕೊಯ್ದು ಅವ್ರ ತಾಟಿಗೆ ಬಡಿಸಿದ್ಯಲ್ಲ?"

"ಸಿಟ್ಟಾಗಬ್ಯಾಡ್ರಿ ಅಜ್ಜಿ… ಫಿಲ್ಮ್ ಸಣ್ಣದು ಮಾಡು ಅಂದ್ರು." ಹುಡುಗಿ ನೆಲ ನೋಡಿದಳು. "ನಿಮ್ಮ ಮಾರಿ ಎಷ್ಟ ಛಂದ ಬಂದದ ನೋಡ್ರಿ."

ಅಷ್ಟರಲ್ಲಿ ಮೈಕು ಗುಲ್ಜಾರಬಿಯ ಹೆಸರು ಕೂಗಿತು. ಮೊದಲ ರೆಕಾರ್ಡಿಗೆ ಉಂಡೆ ಇಡುವುದು ಅವಳಂತೆ, ಲಿವರ್ ಎಳೆಯುವುದು ಗುರುಬಸವನಂತೆ. ಪ್ರಸಾದ ಅವಳ ರಟ್ಟೆ ಹಿಡಿದು ಎಳೆದೊಯ್ದ. "ಹಲ್ಲು ಕಿಸದು ನಿಂದ್ರು, ರಂಡಿ. ಫೋಟೋ ಐತಿ."

ಪ್ರೆಸ್ಸಿನ ಎರಡು ತಟ್ಟೆಗಳು ಬಾಯಿ ತೆರೆದು ಹಬೆ ಕಾರುತ್ತಿದ್ದವು. ಗುಲ್ಜಾರಬಿ ಉಂಡೆ ಇಟ್ಟಳು. ಗುರುಬಸವ ಲಿವರ್ ಹಿಡಿದು ಕ್ಯಾಮೆರಾಗಳ ಕಡೆ ನಕ್ಕ.

ಹಿಂದಿನಿಂದ ಕುರ್ಚಿಗಳನ್ನು ದಬ್ಬಿಕೊಂಡು ಬಂದ ಅಬೀದಾ ಸೆರಗಿನೊಳಗಿನ ಮೊಂಡುಗೈ ಹೊರತೆಗೆದು ಆ ತಟ್ಟೆಗಳ ನಡುವೆ ಚಾಚಿದಳು.

"ಏ, ತಗೀ ಕೈ! ಹುಚ್ಚಿ ಅದಿಯೇನ?" ಗುರುಬಸವ ಚೀರಿದ. "ಪ್ರಸಾದ, ಎಳಿಯೋ ಈಕೀನ್ನ!"

ಪ್ರಸಾದ ಮುಂದೆ ಬಂದ. ಗುಲ್ಜಾರಬಿ ಅವನ ಎದೆಗೆ ಮೊಣಕೈ ಕೊಟ್ಟು ದಬ್ಬಿದಳು. ತಂಗಿಯ ಪಕ್ಕ ನಿಂತು, ಬಳೆ ಮೇಲೇರಿಸಿ, ಇನ್ನೂ ಐದು ಬೆರಳಿದ್ದ ತನ್ನ ಕೈಯನ್ನೂ ಒಳಗಿಟ್ಟಳು.

"ಎಳೀರಿ, ಸಾಹುಕಾರ್ರ."

ಗುರುಬಸವನಿಗೆ ಲಿವರ್ ಬಿಟ್ಟರೆ ಮೇಲಿನ ತಟ್ಟೆ ಬಿದ್ದೀತೆಂಬ ಭಯ, ಹಿಡಿದಿದ್ದರೆ ಎಳೆದುಬಿಟ್ಟೇನೆಂಬ ಭಯ. ಕೆಳಗಿನ ತಟ್ಟೆಯ ಮೇಲೆ ಕರಿ ಉಂಡೆ ಬಿಸಿಗೆ ಕರಗಿ ಮೆಲ್ಲಗೆ ಚಪ್ಪಟೆಯಾಗುತ್ತ, ಇಬ್ಬರ ಕೈಗಳ ಕಡೆಗೆ ಹರಡುತ್ತಿತ್ತು.