ಧುಲಾಯಿ ಭತ್ಯೆ

ಭಾಲ್ಕಿಯ ಅಗ್ನಿಶಾಮಕ ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಕೌಸಲ್ಯಾಬಾಯಿ ಹರತಾಳ ಹೂಡಿದ್ದು ಒಂದು ಸೋಮವಾರ ಬೆಳಿಗ್ಗೆ, ಎರಡು ಭಕ್ಕರಿ ತಿಂದು, ಚಹಾ ಕುಡಿದು, ಕಪ್ಪು ತೊಳೆದಿಟ್ಟ ಮೇಲೆ. ಜಗಳವೇನಿದ್ದರೂ ಹೊಟ್ಟೆ ಗಟ್ಟಿ ಮಾಡಿಕೊಂಡೇ ಶುರುಮಾಡುವುದು ಆಕೆಯ ಪದ್ಧತಿ.

ಇದಕ್ಕೆಲ್ಲ ಕಾರಣ ಮಗ ಧಮ್ಮಪಾಲನ ಪಗಾರದ ಚೀಟಿ. ಧಮ್ಮಪಾಲ ಆ ಠಾಣೆಯಲ್ಲಿ ಹನ್ನೊಂದು ವರ್ಷದಿಂದ ಫೈರ್‌ಮನ್. ಹಿಂದಿನ ಸಂಜೆ ಸೊಸೆ ಉಜ್ವಲಾ, ಹಲಬರ್ಗಾದ ಶಾಲೆಯಲ್ಲಿ ಟೀಚರು, ಯಾವುದೋ ಫಾರ್ಮು ತುಂಬಲೆಂದು ಆ ಚೀಟಿ ಬಿಡಿಸಿಕೊಂಡು ಕೂತು ಒಂದೊಂದೇ ಸಾಲು ಗಟ್ಟಿಯಾಗಿ ಓದಿದ್ದಳು. ಮೂಲ ವೇತನ, ತುಟ್ಟಿ ಭತ್ಯೆ, ಸಮವಸ್ತ್ರ ಭತ್ಯೆ. ಆಮೇಲೆ ಧುಲಾಯಿ ಭತ್ಯೆ.

ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಕೌಸಲ್ಯಾಬಾಯಿಯ ಕೈ ನಿಂತಿತು.

"ಏನಂದಿ?"

"ಧುಲಾಯಿ ಭತ್ಯೆ ಅತ್ತಿ. ಡ್ರೆಸ್ ಒಗಿಲಾಕ ಸರ್ಕಾರ ತಿಂಗಳಾ ಕೊಡ್ತದ."

"ಯಾರಿಗಿ?"

"ಇವರಿಗೇ."

"ಇಂವ ಯಾವಾಗ ಒಗದಾನ?"

ಉಜ್ವಲಾ ಸೆರಗು ಬಾಯಿಗೆ ಒತ್ತಿಕೊಂಡು ಗಂಡನ ಮುಖ ನೋಡಿದಳು. ಧಮ್ಮಪಾಲ ಗೋಡೆಯ ಗಡಿಯಾರ ನೋಡಿದ.

ಹನ್ನೊಂದು ವರ್ಷ ಆ ಖಾಕಿಯನ್ನು ಒಗೆದವಳು ಕೌಸಲ್ಯಾಬಾಯಿ. ಬಣವೆಯ ಬೆಂಕಿಯ ಮಸಿಯನ್ನು ತಣ್ಣೀರಿನಲ್ಲಿ ನೆನೆಸಬೇಕು, ಎಣ್ಣೆ ಗಿರಣಿಯದಕ್ಕೆ ಬಿಸಿನೀರು, ಸೋಡಾ ಬೇಕು ಎಂಬುದು ಆ ಮನೆಯಲ್ಲಿ ಆಕೆಗೊಬ್ಬಳಿಗೇ ಗೊತ್ತು. ಅಂಗಿ ಮೂಸಿದರೆ ಸಾಕು, ಮಗ ಎಂಥ ಬೆಂಕಿಗೆ ಹೋಗಿದ್ದ, ಎಷ್ಟು ಹತ್ತಿರ ನಿಂತಿದ್ದ ಎಂದು ಹೇಳಬಲ್ಲಳು. ಒಮ್ಮೆ ತೋಳಿನಲ್ಲಿ ಸುಟ್ಟ ತೂತು ಕಂಡು, ಒಗೆಯುವ ಕಲ್ಲಿನ ಮೇಲೆ ಕೂತು ಅತ್ತು, ಮಗನಿಗೆ ತಿಳಿಯದಂತೆ ಹೊಲಿದಿಟ್ಟಿದ್ದಳು. ಅದಕ್ಕೆ ಸರ್ಕಾರ ಭತ್ಯೆ ಕೊಡುತ್ತದೆ ಎಂಬುದು ಮಾತ್ರ ಈಗ ತಿಳಿದ ಸುದ್ದಿ.

"ತಗೋ ಅವ್ವಾ, ಇದೆಲ್ಲಾ ನಿಂದೇ," ಎಂದು ಮರುದಿನ ಬೆಳಿಗ್ಗೆ ಧಮ್ಮಪಾಲ ಜೇಬಿನಿಂದ ನೋಟು ತೆಗೆದ.

"ನೀ ಕೊಟ್ರ ಮಗ ಅವ್ವಗ ಕೊಟ್ಟಂಗ ಆಯ್ತು. ನಾ ಸರ್ಕಾರದ ಕೆಲಸ ಮಾಡೀನಿ. ನನ್ನ ಹೆಸರು ಸರ್ಕಾರದ ಕಾಗದದಾಗ ಬರಬೇಕು. ಅಲ್ಲೀತನಾ ನಿನ್ನ ಡ್ರೆಸ್ ನಾ ಮುಟ್ಟಂಗಿಲ್ಲ."

ಹಟವೆಂದರೆ ಹಟವೇ. ಆದರೆ ಅದರ ಬೇರು ಔರಾದ ತಾಲೂಕಿನ ಠಾಣಾ ಕುಶನೂರು ಎಂಬ ಊರಿನಲ್ಲಿತ್ತು. ಅಲ್ಲಿ ಗಂಡ ಗೋರಖನಾಥನ ಜೊತೆ ಮೂವತ್ತು ವರ್ಷ ತೊಗರಿ ಕೊಯ್ಲಿಗೆ, ಸೋಯಾ ರಾಶಿಗೆ ಹೋಗಿದ್ದಳು. ಹಾಜರಿ ಬರೆಯುವವನು ಪ್ರತಿ ಸಲವೂ 'ಗೋರಖನಾಥ, ಜೋಡಿ' ಎಂದು ಬರೆದುಕೊಳ್ಳುತ್ತಿದ್ದ. ಆ 'ಜೋಡಿ' ಎಂದರೆ ಕೌಸಲ್ಯಾಬಾಯಿ. ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರಿದೆ, ಮತದಾರರ ಪಟ್ಟಿಯಲ್ಲಿದೆ. ದುಡಿದವಳು ಎಂದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಗಂಡ ಹೋಗಿ ಎಷ್ಟೋ ವರ್ಷವಾದರೂ ಆ ಸಿಟ್ಟು ಹೋಗಿರಲಿಲ್ಲ.

ಗುರುವಾರ ಬೀದರಿನಿಂದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬುಧವಾರ ಧಮ್ಮಪಾಲ ತಾನೇ ಒಗೆಯಲು ಕೂತ. ಖಾಕಿ ಖಡಕ್ಕಾಗಿ ನಿಲ್ಲಬೇಕೆಂದು ಅರ್ಧ ಪಾತೇಲಿ ಗಂಜಿ ಸುರಿದು, ಹಸಿ ಇರುವಾಗಲೇ ಮಡಚಿ ಇಸ್ತ್ರಿ ತಿಕ್ಕಿದ. ಕೌಸಲ್ಯಾಬಾಯಿಗೆ ಹೇಳಬೇಕೆಂದು ನಾಲಿಗೆ ತುರಿಸಿತು. ಹರತಾಳ ನೆನಪಾಗಿ ಸುಮ್ಮನಾದಳು.

ಮರುದಿನ ಆಕೆ ಠಾಣೆಯ ಹಿಂಗೋಡೆಯ ಆಚೆ ನಿಂತು ನೋಡುತ್ತಿದ್ದಳು. ಗಂಟೆ ಬಾರಿಸಿದ ಕೂಡಲೇ ಬನಿಯನ್-ಚಡ್ಡಿಯಲ್ಲಿದ್ದವರು ಡ್ರೆಸ್ ಹಾಕಿ ಒಂದು ನಿಮಿಷದೊಳಗೆ ಗಾಡಿ ಹತ್ತಬೇಕು. ಸಾಹೇಬರು ಗಡಿಯಾರ ಹಿಡಿದು ನಿಂತಿದ್ದರು. ಗಂಟೆ ಹೊಡೆಯಿತು. ಧಮ್ಮಪಾಲ ಪ್ಯಾಂಟಿಗೆ ಕಾಲು ಹಾಕಿದ. ಕಾಲು ಒಳಗೆ ಹೋಗಲಿಲ್ಲ. ಗಂಜಿ ಕುಡಿದ ಪ್ಯಾಂಟು ಹಪ್ಪಳದಂತೆ ಅಂಟಿಕೊಂಡು ಕೂತಿತ್ತು. ಗಾಡಿ ಗೇಟು ದಾಟಿದಾಗ ಅವನು ಒಂದು ಕಾಲು ಒಳಗೆ, ಒಂದು ಹೊರಗೆ ಮಾಡಿಕೊಂಡು ಅದರ ಹಿಂದೆ ಕುಪ್ಪಳಿಸುತ್ತಿದ್ದ. ಕೌಸಲ್ಯಾಬಾಯಿಗೆ ಮೊದಲು ನಗು ಬಂತು, ಆಮೇಲೆ ಮಗನ ಮೇಲೆ ಕನಿಕರ.

"ಏನ್ರಿ ಇದು?" ಗಾಡಿ ತಿರುಗಿ ಬಂದ ಮೇಲೆ ಸಾಹೇಬರು ಕೇಳಿದರು. "ಹೋದ ಸಲ ನಿಮ್ಮ ಡ್ರೆಸ್ಸೇ ಎಲ್ಲಾರಕಿಂತ ಛಲೋ ಇತ್ತು."

ಧಮ್ಮಪಾಲನಿಗೆ ಸುಳ್ಳು ಬರುವುದಿಲ್ಲ. "ನಮ್ಮ ಅವ್ವ ಹರತಾಳ ಮಾಡ್ಯಾಳ್ರಿ ಸಾಹೇಬ್ರ."

ಠಾಣೆಯ ಬರವಣಿಗೆ ನೋಡಿಕೊಳ್ಳುವ ಮಹಮ್ಮದ ಇಸ್ಮಾಯಿಲ ಕೆಮ್ಮಿದ. ಸಾಹೇಬರು ನಗಲಿಲ್ಲ. "ಬೇಡಿಕಿ ಏನದ?" ಎಂದರು. ಧಮ್ಮಪಾಲ ತಲೆ ತಗ್ಗಿಸಿಕೊಂಡೇ ಇದ್ದದ್ದನ್ನು ಇದ್ದಂತೆ ಹೇಳಿದ.

"ಆ ಗ್ವಾಡಿ ಹಿಂದ ನಿಂತವರು ಅವರೇನು?"

ಕೌಸಲ್ಯಾಬಾಯಿ ಒಮ್ಮೆ ತಲೆ ಕೆಳಗೆ ಮಾಡಿದಳು. ಆಮೇಲೆ, ತಾನೇನು ಯಾರ ಮನೆಯಲ್ಲೂ ಕದ್ದಿಲ್ಲವಲ್ಲ ಎನ್ನಿಸಿ, ಸೆರಗು ಸರಿ ಮಾಡಿಕೊಂಡು ಅಂಗಳಕ್ಕೆ ಬಂದು ನಿಂತಳು.

"ಎಷ್ಟು ವರ್ಷ ಆಯ್ತ್ರಿ ಅವ್ವಾ ಒಗಿಲಾಕತ್ತಿ?"

"ಹನ್ನೊಂದ್ರಿ. ರಜಾ ಇಲ್ದ."

ಈಗ ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ತಪಾಸಣೆ ಪುಸ್ತಕ ತರಿಸಿ, ಗಾಡಿಯ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಬರೆದರು. ಸಹಿ ಹಾಕಿದರು, ಇಸ್ಮಾಯಿಲನಿಂದ ಗುಂಡನೆಯ ಶಿಕ್ಕಾ ಹೊಡೆಸಿದರು. "ಓದಿ ಹೇಳು," ಎಂದರು. ಇಸ್ಮಾಯಿಲ ಗಂಟಲು ಸರಿಮಾಡಿಕೊಂಡು ಓದಿದ:

"ಫೈರ್‌ಮನ್ ಧಮ್ಮಪಾಲ ಇವರ ಸಮವಸ್ತ್ರ ತೃಪ್ತಿಕರವಾಗಿಲ್ಲ. ಕಾರಣ: ಹನ್ನೊಂದು ವರ್ಷಗಳಿಂದ ಸದರಿ ಸಮವಸ್ತ್ರವನ್ನು ತೊಳೆಯುತ್ತಿರುವ ಶ್ರೀಮತಿ ಕೌಸಲ್ಯಾಬಾಯಿಯವರ ಮುಷ್ಕರ. ಬೇಡಿಕೆ ನ್ಯಾಯಯುತವಾಗಿದೆ. ಧುಲಾಯಿ ಭತ್ಯೆಯನ್ನು ಪ್ರತಿ ತಿಂಗಳು ತೊಳೆದವರಿಗೇ ಮುಟ್ಟಿಸತಕ್ಕದ್ದು."

"ಇನ್ನೊಮ್ಮಿ ಓದಪ್ಪ," ಎಂದಳು ಕೌಸಲ್ಯಾಬಾಯಿ. ಅವನು ಓದಿದ. ಆಕೆ ಬಗ್ಗಿ ಆ ಹಾಳೆಯನ್ನು ನೋಡಿದಳು. ಮಸಿ ಇನ್ನೂ ಆರಿರಲಿಲ್ಲ, ಹಾಗಾಗಿ ಬೆರಳನ್ನು ಮೇಲೆಯೇ ಹಿಡಿದಳು.

"ನನ್ನ ಹೆಸರು ಎಲ್ಲದ?"

"ಇಲ್ಲಿ ನೋಡ್ರಿ ಮೌಶಿ."

"ಜೋಡಿ ಅಂತ ಎಲ್ಲೂ ಬರದಿಲ್ಲಲಾ?"

"ಇಲ್ರಿ. ನಿಮ್ಮದೇ ಹೆಸರು, ಪೂರ್ತಿ ಅದ."

ಕೌಸಲ್ಯಾಬಾಯಿಯ ಕಣ್ಣು ತುಂಬಿದವು. ಇಷ್ಟು ಖುಷಿಯನ್ನು ಎಲ್ಲಿಡಬೇಕೋ ತಿಳಿಯದೆ ಸಾಹೇಬರಿಗೆ ಕೈ ಮುಗಿದಳು, ಇಸ್ಮಾಯಿಲನ ಬೆನ್ನಿಗೊಂದು ಗುದ್ದು ಕೊಟ್ಟಳು.

ಅಷ್ಟರಲ್ಲಿ ಫೋನು ಬಂತು. ಭಾತಂಬ್ರಾದಲ್ಲಿ ಬಣವೆಗೆ ಬೆಂಕಿ. ಈ ಸಲ ಗಂಟೆ ನಿಜಕ್ಕೂ ಹೊಡೆಯಿತು, ಧಮ್ಮಪಾಲ ಅದೇ ಕಟಕಟ ಎನ್ನುವ ಪ್ಯಾಂಟಿನಲ್ಲಿ ಎಲ್ಲರಿಗಿಂತ ಮೊದಲು ಗಾಡಿ ಹತ್ತಿದ.

ಮೂರು ತಾಸಿನ ಮೇಲೆ ಅವನು ಅಡಿಯಿಂದ ಮುಡಿಯವರೆಗೆ ಕರ್ರಗಾಗಿ ಮನೆಗೆ ಬಂದ. ಕಲ್ಲಿನ ಹತ್ತಿರ ಬಕೆಟ್ಟಿನಲ್ಲಿ ತಣ್ಣೀರು ಸಿದ್ಧವಿತ್ತು. ಕೌಸಲ್ಯಾಬಾಯಿ ಸೀರೆ ಎತ್ತಿ ಕಟ್ಟಿ ಕೂತಿದ್ದಳು.

"ಇರಲಿ ಬಿಡವ್ವಾ, ದಣದೀದಿ. ನಾಳಿ ಒಗದ್ರಾಯ್ತು."

"ಬಿಚ್ಚಿ ಇಲ್ಲಿ ಹಾಕು," ಎಂದಳು ಕೌಸಲ್ಯಾಬಾಯಿ. "ಡ್ಯೂಟಿ ಮ್ಯಾಲ ಇದ್ದೀನಿ."