ಕೋಪದ ರಜೆ

ಪಿಂಚಣಿ ಕಚೇರಿಯ ಮೂರನೇ ಕಿಟಕಿಯ ಹುಡುಗಿ ನನ್ನ ಕಾಗದಗಳನ್ನು ಎರಡು ಸಲ ತಿರುವಿ ಹಾಕಿದಳು.

"ಎರಡೂ ದೇಶದ ಕೆಲಸ ಸೇರಿಸಿದ್ರೆ ಒಂಬತ್ತು ವರ್ಷ ಎಂಟು ತಿಂಗಳಮ್ಮ. ಹತ್ತು ವರ್ಷ ತುಂಬಲೇಬೇಕು."

"ನಾಲ್ಕು ತಿಂಗಳಿಗೆಲ್ಲ ಇಷ್ಟು ಜಗ್ಗಾಡ್ತೀರಾ?"

"ನಾಲ್ಕು ದಿನ ಕಮ್ಮಿಯಾದ್ರೂ ಬರಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಆ ದೇಶದ ಲಾಂಡ್ರಿಯಲ್ಲಿ ಆರು ವರ್ಷ ಇಸ್ತ್ರಿ ತಿಕ್ಕಿದೆ, ಈ ದೇಶದಲ್ಲಿ ಮೂರು ವರ್ಷ ಎಂಟು ತಿಂಗಳು. ಆಮೇಲೆ ಮಂಡಿ ಕೈಕೊಟ್ಟಿತು. ಯಜಮಾನರು ಹೋದ ಮೇಲೆ ಮಗಳ ಮನೆಯಲ್ಲಿದ್ದೇನೆ. ಅಳಿಯ ಒಳ್ಳೆಯವನೇ, ಆದರೆ ಒಂದು ಜೊತೆ ಚಪ್ಪಲಿ ಬೇಕೆಂದರೂ ಅವನ ಮುಖ ನೋಡಬೇಕು. ತಿಂಗಳಿಗೊಮ್ಮೆ ನನ್ನದೂ ಅಂತ ನಾಲ್ಕು ಕಾಸು ಕೈಗೆ ಬರಲಿ ಎನ್ನುವುದೊಂದೇ ನನ್ನ ಆಸೆ.

"ಅಲ್ಲಿ ಬಿಟ್ಟು ಇಲ್ಲಿ ಸೇರೋ ಮಧ್ಯೆ ನಾಲ್ಕು ತಿಂಗಳಿತ್ತಲ್ಲಮ್ಮ," ಎಂದಳು ಮಗಳು. "ಹಳೇ ಲಾಂಡ್ರಿಗೆ ಫೋನ್ ಮಾಡು. ರಜೆ ಗಿಜೆ ಬಾಕಿ ಇತ್ತೇನೋ ಕೇಳು."

ಹೇಳುವುದು ಸುಲಭ. ಇಪ್ಪತ್ತೆರಡು ವರ್ಷದ ಹಿಂದೆ, ಕೊನೆಯ ದಿನ, ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದ ನಲವತ್ತು ಡಾಕ್ಟರ್ ಕೋಟುಗಳನ್ನು ಮತ್ತೆ ನೀರಿನ ತೊಟ್ಟಿಗೆ ಎತ್ತಿ ಹಾಕಿ, ಅಲ್ಲಿನ ಮೇಸ್ತ್ರಿಗಳಿಗೆ ಬಾಯಿಗೆ ಬಂದದ್ದು ಅಂದು ಬಂದಿದ್ದೆ. ಆದರೂ ಮಾಡಿದೆ. ಎತ್ತಿದವರು ಅವರೇ.

"ನಾನು, ಏಳನೇ ಮೇಜಿನವಳು."

"ಓ, ನೀನಾ. ಸಿಟ್ಟು ಇಳೀತಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಲಾಂಡ್ರಿಯ ಉಗಿಯಲ್ಲಿ ಬೆಂದು, ವಾರಕ್ಕೊಬ್ಬರಾದರೂ ಇಸ್ತ್ರಿಪೆಟ್ಟಿಗೆ ಕುಕ್ಕಿ "ಬಿಟ್ಟೆ ಕೆಲಸ" ಎಂದು ಹೊರಡುತ್ತಿದ್ದರು. ಮೇಸ್ತ್ರಿಗಳು ಯಾರ ಹೆಸರನ್ನೂ ಹೊಡೆದುಹಾಕಿದವರಲ್ಲ. ಹಾಜರಿ ಪುಸ್ತಕದಲ್ಲಿ 'ಕೋ.ರ.' ಎಂದು ಬರೆಯುತ್ತಿದ್ದರು, ಅಂದರೆ ಕೋಪದ ರಜೆ. ಎರಡು ದಿನಕ್ಕೆ ತೆಪ್ಪಗೆ ಬಂದರೆ ಯಾಕೆ ಎಂದು ಕೇಳುತ್ತಿರಲಿಲ್ಲ. ನಾನೇ ಒಂಬತ್ತು ಸಲ ಹಾಗೆ ಹೋಗಿ ಬಂದಿದ್ದೆ. ಪುಸ್ತಕದಲ್ಲಿ ಹೆಸರಿರುವ ತನಕ ಪಿಂಚಣಿಯ ವಂತಿಗೆಯೂ ಹೋಗುತ್ತಿತ್ತು. ಮಾಲೀಕರು ಆ ಪುಸ್ತಕ ತೆರೆದು ನೋಡಿದವರೇ ಅಲ್ಲ.

"ಈ ಸಲ ನನ್ನ ಹೆಸರು ಎಷ್ಟು ದಿನ ಇಟ್ಕೊಂಡಿದ್ರಿ?"

"ಇನ್ನೂ ಇದೆಯಲ್ಲ."

ಹದಿನೈದು ದಿನಕ್ಕೆ ಕಟ್ಟು ಬಂತು, ದಿಂಬಿನಷ್ಟು ದಪ್ಪ. ಇಪ್ಪತ್ತೆರಡು ವರ್ಷದ ಹಾಜರಿ, ಪುಟದಿಂದ ಪುಟಕ್ಕೆ ಕೋ.ರ., ಕೋ.ರ. ಕಿಟಕಿಯ ಹುಡುಗಿ ಅದನ್ನು ನೋಡಿ ಕನ್ನಡಕ ತೆಗೆದಿಟ್ಟಳು.

"ನಾಲ್ಕು ತಿಂಗಳೇನು, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ತು, ಬಿಡಿ. ಆದ್ರೆ ಇದರ ಪ್ರಕಾರ ನೀವಿನ್ನೂ ಅಲ್ಲಿ ಕೆಲಸದಲ್ಲಿದ್ದೀರಿ. ಕೆಲಸದಲ್ಲಿರೋರಿಗೆ ಪಿಂಚಣಿ ಕೊಡೋಕಾಗಲ್ಲಮ್ಮ. ಬಿಟ್ಟಿದ್ದಾರೆ ಅಂತ ಅವರು ಬರೆದುಕೊಡಬೇಕು."

ಸರಿ, ಮತ್ತೆ ಫೋನು.

"ಸಿಟ್ಟಲ್ಲಿ ಬಿಟ್ರೆ ನಾನು ಬರ್ಕೊಳ್ಳಲ್ಲ ಅಂತ ನಿಂಗೆ ಗೊತ್ತು," ಎಂದರು ಮೇಸ್ತ್ರಿಗಳು. "ಸಮಾಧಾನವಾಗಿ ಹೇಳು."

"ಸಮಾಧಾನವಾಗೇ ಹೇಳ್ತಿದೀನಿ. ಬಿಟ್ಟೆ."

"ದನಿ ಏರ್ತಿದೆ."

ಏರದೆ ಇನ್ನೇನಾಗುತ್ತದೆ? ಮುದುಕನಿಗೆ ಎಂಬತ್ತಾದರೂ ಕೊಬ್ಬು ಇಳಿದಿಲ್ಲ ಎಂದು ಹೇಳಿಯೇ ಫೋನು ಕುಕ್ಕಿದೆ. ಅವತ್ತೂ ಕೋ.ರ. ಬಿತ್ತು. ಮಾರನೆಯ ದಿನ ಬೆಣ್ಣೆಯಂತೆ ಮಾತು ಶುರುಮಾಡಿದೆ. "ಎಲ್ಲ ಸರಿ, ಕಾಲರು ಇಸ್ತ್ರಿ ಮಾಡೋದು ಮಾತ್ರ ನಿಂಗೆ ಕೊನೇವರೆಗೂ ಬರ್ಲಿಲ್ಲ," ಎಂದರು. ನನ್ನ ಕಾಲರಿಗೆ ಹೆಸರಿಟ್ಟರೆ ನಾನು ಸುಮ್ಮನಿರುವವಳೇ? ಅದೂ ಕೋ.ರ.

ಮೂರನೆಯ ದಿನ ಮಗಳು ಪಕ್ಕದಲ್ಲೇ ನನ್ನ ಕೈ ಹಿಡಿದು ಕೂತಳು. "ಅಮ್ಮ, ಒಂದೇ ಒಂದು ಸಲ, ನಿಜ ಇದ್ದಂಗೆ ಹೇಳಿಬಿಡು."

ನಿಜ ಹೇಳುವುದು ನನಗೆ ಜಗಳಕ್ಕಿಂತ ಕಷ್ಟ.

"ಮೇಸ್ತ್ರಿಗಳೇ, ಅವತ್ತು ನಂಗೆ ಸಿಟ್ಟೇ ಬಂದಿರ್ಲಿಲ್ಲ."

"ಮತ್ತೆ ನಲವತ್ತು ಕೋಟು?"

"ಯಜಮಾನರಿಗೆ ಈ ಕಡೆ ಕೆಲಸ ಸಿಕ್ಕಿತ್ತು. ನಂಗೆ ಬರೋಕೆ ಇಷ್ಟ ಇರ್ಲಿಲ್ಲ. ಹೋಗಿ ಬರ್ತೀನಿ ಅಂತ ಹೇಳೋಕೆ ನಿಂತಿದ್ರೆ ಎಲ್ಲರ ಮುಂದೆ ಅತ್ತುಬಿಡ್ತಿದ್ದೆ. ಅದಕ್ಕೇ ಕಾಲು ಕೆರೆದು ಜಗಳ ತೆಗೆದೆ."

ಆ ಕಡೆ ಹಾಜರಿ ಪುಸ್ತಕದ ಪುಟ ತಿರುವಿದ ಸದ್ದಾಯಿತು.

"ನಾನು ಏನೋ ಅಂದುಬಿಟ್ಟಿರ್ಬೇಕು ಅಂದ್ಕೊಂಡಿದ್ದೆ," ಎಂದರು. "ಏನಂದೆ ಅನ್ನೋದು ಮಾತ್ರ ನೆನಪಾಗ್ತಿರ್ಲಿಲ್ಲ. ದಿನಾ ಬೆಳಿಗ್ಗೆ ನಿನ್ನ ಹೆಸರಿನ ಮುಂದೆ ಬರೆಯುವಾಗ ಯೋಚನೆ ಮಾಡ್ತಿದ್ದೆ."

"ನೀವು ಏನೂ ಅಂದಿರ್ಲಿಲ್ಲ, ಮೇಸ್ತ್ರಿಗಳೇ."

"ಏನೂ ಇಲ್ವಾ?"

"ಏನೂ ಇಲ್ಲ."

ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು.

"ಸರಿ, ಬರ್ಕೊಂಡೆ. ಹೋಗಿ ಬಾ ತಾಯಿ."